ಸೊಲ್ಯೂಷನ್ನಲ್ಲೇ ಲೂಬ್ರಿಕೆಂಟ್ ಇದ್ರೂ ಸಂಜೆ ಕಣ್ಣು ಒಣಗೋದು ಯಾಕೆ?

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದೀನಿ. ಸೊಲ್ಯೂಷನ್ ಬಾಟ್ಲು ಮೇಲೆ ಹೈಲುರೊನೇಟ್ ಇದೆ, ದಿನವಿಡೀ ತೇವ ಇರುತ್ತೆ ಅಂತ ಬರ್ದಿದಾರೆ, ಆದ್ರೂ ಸಂಜೆ ಐದು ಗಂಟೆ ಆಯ್ತು ಅಂದ್ರೆ ಕಣ್ಣಲ್ಲಿ ಮರಳು ಬಿದ್ದಂಗಾಗುತ್ತೆ. ಅದೇ ಸೊಲ್ಯೂಷನ್ ಎರಡು ತೊಟ್ಟು ಕಣ್ಣಿಗೆ ಬಿಟ್ಕೊಂಡ್ರೆ ಆಗಲ್ವಾ?

ಉತ್ತರ: ಕಡೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ, ದಯವಿಟ್ಟು ಬಿಟ್ಕೋಬೇಡಿ. ಆ ಸೊಲ್ಯೂಷನ್ನಲ್ಲಿ ಕ್ರಿಮಿ ಸಾಯಿಸೋ ಕೆಮಿಕಲ್ಲೂ ಇರುತ್ತೆ, ರಾತ್ರಿ ಡಬ್ಬೀಲಿ ಲೆನ್ಸ್ ನೆನೆಸಿಡೋಕೆ ಅಂತ ಮಾಡಿರೋದು ಅದು. ಹೈಡ್ರೋಜನ್ ಪೆರಾಕ್ಸೈಡ್ ಅನ್ನೋ ಕ್ರಿಮಿನಾಶಕ ಇರೋ ಬಾಟ್ಲು ಆಗಿದ್ರಂತೂ ನೇರ ಕಣ್ಣಿಗೆ ಬಿದ್ರೆ ಸುಟ್ಟಂಗೆ ಉರಿಯುತ್ತೆ.

ಈಗ ಒಣಗೋ ವಿಷಯ. ಒಂದು ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿ, ಮುತ್ತಿನ ತರ ಉರುಳಾಡುತ್ತೆ, ಎಲೆ ಒದ್ದೇನೇ ಆಗಲ್ಲ. ಅದೇ ನೀರಿಗೆ ಒಂಚೂರು ಸೋಪು ಕಲಸಿ ಹಾಕಿದ್ರೆ ಎಲೆಗೆ ಅಂಟ್ಕೊಂಡು ಹರಡುತ್ತೆ. ಲೆನ್ಸ್ ಕಥೆನೂ ಹೆಚ್ಚುಕಮ್ಮಿ ಇದೇ. 1999ರ ಸುಮಾರಿಗೆ ಮಾರ್ಕೆಟ್ಟಿಗೆ ಬಂದ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳು ಕಣ್ಣಿಗೆ ಆಕ್ಸಿಜನ್ ತುಂಬಾ ಚೆನ್ನಾಗಿ ಬಿಡ್ತಾವೆ, ಆದ್ರೆ ಸಿಲಿಕೋನ್ ಸ್ವಭಾವದಲ್ಲೇ ನೀರನ್ನ ದೂರ ತಳ್ಳುತ್ತೆ, ಜಿಡ್ಡನ್ನ ಹತ್ರ ಕರ್ಕೊಳುತ್ತೆ. ಕಂಪನಿಯವರು ಲೆನ್ಸ್ ಮಾಡೋವಾಗ್ಲೇ ಅದಕ್ಕೆ ಒಂದಷ್ಟು ಉಪಾಯ ಮಾಡಿರ್ತಾರೆ, ಉಳಿದ ಕೆಲಸ ಸೊಲ್ಯೂಷನ್ನಲ್ಲಿರೋ ಪೊಲಾಕ್ಸಮೀನ್ ತರದ ಪದಾರ್ಥಗಳದ್ದು, ಅವು ಒಂದು ಕೈಯಲ್ಲಿ ಲೆನ್ಸ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ನೀರು ಹಿಡ್ಕೊಳ್ತಾವೆ ಅಂತ ಅಂದ್ಕೊಳಿ, ಹಂಗಾಗಿ ಕಣ್ಣೀರು ಲೆನ್ಸ್ ಮೇಲೆ ಸಮನಾಗಿ ಹರಡುತ್ತೆ.

ಹೈಲುರೊನೇಟ್ ಬೇರೆ ಜಾತಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತೆ ಜಾನ್ ಪಾಮರ್ ಹಸುವಿನ ಕಣ್ಣೊಳಗಿನ ಲೋಳೆಯಿಂದ ಇದನ್ನ ಮೊದಲು ಬೇರ್ಪಡಿಸಿದ್ದು, ನಮ್ಮ ಕಣ್ಣೀರಲ್ಲೂ ಇರುತ್ತೆ. ನೀರನ್ನ ಗಟ್ಟಿಯಾಗಿ ಹಿಡ್ಕೊಳುತ್ತೆ. ನಂಗೆ ಇದರಲ್ಲಿ ತುಂಬಾ ಇಷ್ಟವಾಗೋ ಗುಣ ಅಂದ್ರೆ ಕಣ್ಣು ಬಿಟ್ಟಿದ್ದಾಗ ಮಂದವಾಗಿ ನಿಂತಿರುತ್ತೆ, ರೆಪ್ಪೆ ಉಜ್ಜಿದ ತಕ್ಷಣ ತೆಳ್ಳಗಾಗಿ ಜಾರುತ್ತೆ, ರೆಪ್ಪೆಗೆ ಎಳೆದಂಗಾಗಲ್ಲ.

ಇಷ್ಟೆಲ್ಲಾ ಇದ್ದೂ ಸಂಜೆ ಯಾಕೆ ಒಣಗುತ್ತೆ ಅಂದ್ರೆ, ಈ ಲೂಬ್ರಿಕೆಂಟ್ ಯಾವುದೂ ಹೊಸದಾಗಿ ಕಣ್ಣೀರು ಹುಟ್ಟಿಸಲ್ಲ, ಇರೋ ಕಣ್ಣೀರು ಲೆನ್ಸ್ ಮೇಲೆ ನಿಲ್ಲೋಕೆ ಸಹಾಯ ಮಾಡುತ್ತೆ ಅಷ್ಟೇ. ಕಣ್ಣಲ್ಲಿ ಒಂದು ಹೊತ್ತಿಗೆ ಇರೋ ನೀರು ಸುಮಾರು 7 ಮೈಕ್ರೋಲೀಟರ್ (ಒಂದು ಮೈಕ್ರೋಲೀಟರ್ ಅಂದ್ರೆ ಮಿಲಿಲೀಟರಿನ ಸಾವಿರದಲ್ಲೊಂದು ಭಾಗ), ನಿಮಿಷಕ್ಕೆ ಹತ್ತತ್ರ 1 ಮೈಕ್ರೋಲೀಟರ್ ಹೊಸದು ಬರ್ತಾ ಹಳೇದು ಮೂಗಿನ ಕಡೆ ಇಳಿದು ಹೋಗ್ತಾ ಇರುತ್ತೆ, ಅದರ ಜೊತೆ ಲೆನ್ಸ್ ಹೀರ್ಕೊಂಡಿದ್ದ ಲೂಬ್ರಿಕೆಂಟೂ ಸ್ವಲ್ಪ ಸ್ವಲ್ಪನೇ ತೊಳ್ಕೊಂಡು ಹೋಗುತ್ತೆ. ಕಣ್ಣೀರಿನ ಪದರ ಬರೀ 3 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗದ ಆಸುಪಾಸು ದಪ್ಪ ಇರೋದು, ಲೆನ್ಸ್ ಹೋಗಿ ಅದರ ಮಧ್ಯ ಕೂತು ಎರಡು ಭಾಗ ಮಾಡುತ್ತೆ, ಮೇಲಿನ ಭಾಗಕ್ಕೆ ಆವಿಯಾಗದಂಗೆ ಕಾಪಾಡೋ ಜಿಡ್ಡಿನ ಹೊದಿಕೆ ಸರಿಯಾಗಿ ಸಿಗಲ್ಲ, ಬೇಗ ಆವಿಯಾಗುತ್ತೆ. ಬೆಳಗ್ಗೆ ಲೆನ್ಸ್ ಹಾಕೋ ಮುಂಚೆ ಬೆರಳ ತುದೀಲಿ ಇಟ್ಕೊಂಡು ಬೆಳಕಿಗೆ ಹಿಡೀರಿ, ಮೊದಲು ಪೂರ್ತಿ ಹೊಳೀತಿರುತ್ತೆ, ನೋಡ್ತಾ ನೋಡ್ತಾ ಅಲ್ಲಲ್ಲಿ ಹೊಳಪು ಒಡೆದು ತೇಪೆ ತೇಪೆಯಾಗಿ ಮಂಕಾಗುತ್ತೆ. ನೀವು ಎವೆ ಇಕ್ಕದೆ ಸ್ಕ್ರೀನ್ ನೋಡ್ತಾ ಕೂತಿದ್ದಾಗ, ಅದರಲ್ಲೂ ಎಸಿ ಗಾಳಿ ಮುಖಕ್ಕೆ ಹೊಡೀತಿದ್ರೆ, ಕಣ್ಣ ಮೇಲೂ ಇದೇ ಆಗ್ತಿರುತ್ತೆ. ಆಮೇಲೆ ಆ ಒಣಗಿದ ಜಾಗಕ್ಕೆ ಕಣ್ಣೀರಿನ ಜಿಡ್ಡು, ಪ್ರೋಟೀನು ಬಂದು ಅಂಟುತ್ತೆ, ಅಂಟಿದ ಜಾಗ ಇನ್ನೂ ಬೇಗ ಒಣಗುತ್ತೆ.

ಅದಕ್ಕೇ ಲೂಬ್ರಿಕೆಂಟ್ ಹೆಚ್ಚಿರೋ ಬಾಟ್ಲು ಹುಡುಕೋದಕ್ಕಿಂತ ರಾತ್ರಿ ಲೆನ್ಸ್ ಚೆನ್ನಾಗಿ ಉಜ್ಜೋದು ಜಾಸ್ತಿ ಕೆಲಸ ಮಾಡುತ್ತೆ ಅಂತ ನಾನು ನನ್ನ ಪೇಷೆಂಟ್‌ಗಳಿಗೆ ಮತ್ತೆ ಮತ್ತೆ ಹೇಳೋದು. ಅಂಗೈಲಿ ಇಟ್ಟು, ಸೊಲ್ಯೂಷನ್ ಹಾಕಿ, ಎರಡೂ ಕಡೆ ಬೆರಳಲ್ಲಿ ಉಜ್ಜಿ, ತೊಳೆದು, ಆಮೇಲೆ ಹೊಸ ಸೊಲ್ಯೂಷನ್ನಲ್ಲಿ ನೆನೆಸಿ. ನಿನ್ನೇದು ಡಬ್ಬೀಲಿದೆ ಅಂತ ಅದರ ಮೇಲೇ ಒಂದಿಷ್ಟು ಸುರಿಯೋದು ಬೇಡ, ನಲ್ಲಿ ನೀರಂತೂ ಬೇಡವೇ ಬೇಡ.

2006ರಲ್ಲಿ ಬಾಶ್ ಅಂಡ್ ಲಾಂಬ್ ಕಂಪನಿಯವರು ರೆನ್ಯೂ ವಿತ್ ಮಾಯ್‌ಶ್ಚರ್‌ಲಾಕ್ ಅನ್ನೋ ಸೊಲ್ಯೂಷನ್ನ ಇಡೀ ಪ್ರಪಂಚದ ಮಾರ್ಕೆಟ್ಟಿಂದ ವಾಪಸ್ ತಗೋಬೇಕಾಯ್ತು, ಅದನ್ನ ಬಳಸ್ತಿದ್ದವರಲ್ಲಿ ಫ್ಯುಸೇರಿಯಂ ಅನ್ನೋ ಫಂಗಸ್ಸಿಂದ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಹುಣ್ಣಾಗೋದು ಕಂಡುಬಂದಿತ್ತು. ಲ್ಯಾಬ್ ಪರೀಕ್ಷೆಗಳು ತೋರಿಸಿದ ಕಾರಣಗಳಲ್ಲಿ ಒಂದು ಏನು ಗೊತ್ತಾ, ತೇವ ಹಿಡಿಯೋಕೆ ಅಂತ ಹಾಕಿದ್ದ ಪಾಲಿಮರ್ರೇ ಸೊಲ್ಯೂಷನ್ ಒಣಗಿದಾಗ ಪದರ ಕಟ್ಟಿ ಅದರೊಳಗೆ ಫಂಗಸ್ಸಿಗೆ ಅಡಗೋಕೆ ಜಾಗ ಕೊಡ್ತಿತ್ತು. ಇದನ್ನ ಓದಿದಾಗಿಂದ ಡಬ್ಬಿ ಶುಚಿಯಾಗಿಡಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅಂತ ಹೇಳದೆ ಯಾರನ್ನೂ ಕಳಿಸಲ್ಲ ನಾನು.

ಮಧ್ಯಾಹ್ನ ಡ್ರಾಪ್ಸ್ ಬೇಕೇ ಬೇಕು ಅನ್ಸಿದ್ರೆ ಲೆನ್ಸ್ ಹಾಕ್ಕೊಂಡೇ ಬಳಸಬಹುದು ಅಂತ ಬರ್ದಿರೋ ರೀವೆಟಿಂಗ್ ಡ್ರಾಪ್ಸ್ (ಲೆನ್ಸನ್ನ ಮತ್ತೆ ಒದ್ದೆ ಮಾಡೋ ಡ್ರಾಪ್ಸ್) ತಗೊಳ್ಳಿ, ಆದಷ್ಟು ಪ್ರಿಸರ್ವೇಟಿವ್ ಇಲ್ಲದ್ದು. ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಪ್ರಿಸರ್ವೇಟಿವ್ ಇದ್ರೆ ಬೇಡ, ಸಾಫ್ಟ್ ಲೆನ್ಸ್ ಅದನ್ನ ಹೀರಿಟ್ಕೊಂಡು ಕಣ್ಣಿಗೆ ಬಿಡ್ತಾ ಇರುತ್ತೆ. ಒಂದು ತೊಟ್ಟು ಸಾಕು, ಒಂದು ತೊಟ್ಟೇ 30ರಿಂದ 50 ಮೈಕ್ರೋಲೀಟರ್ ಇರೋದ್ರಿಂದ ಎರಡನೇದು ಕೆನ್ನೆ ಮೇಲೆ ಹರಿದು ಹೋಗುತ್ತೆ.

ಬರೀ ಒಣಗೋದು ಒಂದು ಕಡೆ, ಆದ್ರೆ ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡೋಕೆ ಆಗ್ತಿಲ್ಲ ಅಂದ್ರೆ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ಆ ಲೆನ್ಸು, ಡಬ್ಬಿ ಎರಡನ್ನೂ ಬಿಸಾಡದೆ ಜೊತೇಲಿ ತಗೊಂಡ್ಹೋಗಿ, ಇನ್ಫೆಕ್ಷನ್ ಯಾವುದು ಅಂತ ಹುಡುಕೋಕೆ ಅವರಿಗೆ ಬೇಕಾಗುತ್ತೆ.