ಗಲ್ಲಾದವರೆಗೆ ತಲುಪದ ಮಾತು

ಷೇರುಪೇಟೆಯಲ್ಲಿ ಬೆಲೆ ಉಬ್ಬಿ ಕುಸಿಯುವುದಕ್ಕೆ ದುರಾಸೆಯೇ ಕಾರಣ ಎಂದು ಮುಂಬೈಯ ದಲಾಲ್ ಸ್ಟ್ರೀಟ್ ಆಸುಪಾಸಿನ ಉಡುಪಿ ಹೋಟೆಲುಗಳಲ್ಲಿ ಕಾಫಿ ಕುಡಿಯುವ ಯಾರು ಬೇಕಾದರೂ ಹೇಳಿಯಾರು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೊಂದು ಕಾರಣವನ್ನು ಮುಂದಿಟ್ಟಿತು: ವ್ಯವಹರಿಸುವವರೆಲ್ಲ ಒಂದೇ ಬಗೆಯವರಾಗಿರುವುದು. ಸಂಶೋಧಕ ಶೀನ್ ಲೆವಿನ್ ಮತ್ತು ಸಂಗಡಿಗರು ಸಿಂಗಪುರ ಹಾಗೂ ಅಮೆರಿಕದ ಟೆಕ್ಸಾಸ್‌ನಲ್ಲಿ ಪುಟ್ಟ ಕೃತಕ ಪೇಟೆಗಳನ್ನು ಹೂಡಿ, ಹಣಕಾಸಿನ ತಿಳಿವಳಿಕೆ ಇದ್ದವರನ್ನು ನಿಜವಾದ ದುಡ್ಡಿಗೆ ವ್ಯವಹಾರಕ್ಕಿಳಿಸಿದರು. ಕೆಲವು ಪೇಟೆಗಳಲ್ಲಿ ಎಲ್ಲರೂ ಒಂದೇ ಜನಾಂಗದವರು, ಉಳಿದವುಗಳಲ್ಲಿ ಬೆರಕೆ. ವ್ಯವಹಾರಕ್ಕೆ ಮುಂಚೆ ಒಬ್ಬರನ್ನೊಬ್ಬರು ಕಂಡದ್ದಷ್ಟೇ, ಆಮೇಲೆ ಕಂಪ್ಯೂಟರಿನ ಮುಂದೆ ಒಬ್ಬೊಬ್ಬರೇ. ಬೆರಕೆ ಪೇಟೆಗಳ ಬೆಲೆ ನಿಜ ಮೌಲ್ಯಕ್ಕೆ ಶೇ 58ರಷ್ಟು ಹೆಚ್ಚು ಹತ್ತಿರವಿತ್ತು. ಒಂದೇ ಜನಾಂಗದವರ ಪೇಟೆಯಲ್ಲಿ ಉಬ್ಬರ ಜಾಸ್ತಿ, ಬಿದ್ದಾಗ ಪೆಟ್ಟೂ ಜೋರು.

ಬೆರಕೆ ಗುಂಪಿನವರು ಹೆಚ್ಚು ಜಾಣರೇನೂ ಆಗಿರಲಿಲ್ಲ. 'ನಮ್ಮವನೇ ಇಷ್ಟು ಕೊಡುತ್ತಿದ್ದಾನೆ, ಸರಿಯೇ ಇರಬೇಕು' ಎಂಬ ಭರವಸೆ ಅಲ್ಲಿ ಸಡಿಲವಾಗಿತ್ತು. ಪ್ರತಿಯೊಬ್ಬರೂ ಲೆಕ್ಕವನ್ನು ತಾವೇ ಹಾಕಿಕೊಂಡರು. ನಮ್ಮವರ ಮೇಲಿನ ನಂಬಿಕೆ ಒಳ್ಳೆಯದೇ. ಆದರೆ ಎಲ್ಲರೂ ಒಟ್ಟಿಗೆ ಎಡವುವುದೂ ಅದರಿಂದಲೇ.

ಹೊರಗಿನ ಏರುಪೇರುಗಳು ಎಷ್ಟು ಬಗೆಯವೋ, ಅವನ್ನು ತಾಳಿಕೊಳ್ಳಬೇಕಾದ ವ್ಯವಸ್ಥೆಯೊಳಗೆ ಉತ್ತರಗಳೂ ಅಷ್ಟು ಬಗೆಯವಿರಬೇಕು ಎಂಬ ನಿಯಮವನ್ನು ಬ್ರಿಟನ್ನಿನ ವಿಜ್ಞಾನಿ ರಾಸ್ ಆಶ್ಬಿ 1956ರಲ್ಲಿ ಮುಂದಿಟ್ಟರು. ಮುಂಬೈಯ ನಮ್ಮ ಹೋಟೆಲುಗಾರರು ಇದನ್ನು ಓದಿರಲಾರರು. ಆದರೂ ನಗರ ಬದಲಾದಂತೆ ಇಡ್ಲಿ-ಸಾಂಬಾರಿನ ಪಕ್ಕದಲ್ಲಿ ಪಾವ್‌ಭಾಜಿ, ಪಂಜಾಬಿ, ಚೈನೀಸ್ ತಿಂಡಿಗಳು ಬಂದು ಕೂತವು. ಕರಾವಳಿಯ ಭಟ್ಟರ ಜತೆ ತಂದೂರಿಗೆ ಉತ್ತರದವರು, ಪಾತ್ರೆಗೆ ಇನ್ನೆಲ್ಲಿಯವರೋ. ಜನರ ವಿಷಯದಲ್ಲಿ ಅನೇಕ ದೊಡ್ಡ ಕಂಪನಿಗಳಿಗಿಂತ ಈ ಅಡುಗೆಮನೆಗಳಲ್ಲಿ ವೈವಿಧ್ಯ ಹೆಚ್ಚು.

ಹಾಗಿದ್ದರೆ ಏರುಪೇರನ್ನು ತಾಳಿಕೊಳ್ಳುವ ಶಕ್ತಿಯೂ ತಾನಾಗಿ ಬರುತ್ತದೆಯೇ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಯಲ್ಲಿ ನೀರು ಮೊದಲು ಎಲ್ಲಿ ನಿಲ್ಲುತ್ತದೆ, ಹಾಲಿನ ಗಾಡಿ ಯಾವ ಗಲ್ಲಿಯಿಂದ ಬರಬಹುದು ಎಂಬುದು ಧಾರಾವಿಯಿಂದ ನಡೆದು ಬರುವ ಕ್ಲೀನರ್ ಹುಡುಗನಿಗೆ ಧನಿಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವನು ಸಂಬಳದ ಪಟ್ಟಿಯಲ್ಲಿ ಇದ್ದಾನೆ, ಸರಿ. ಅವನ ಮಾತು ಗಲ್ಲಾದಲ್ಲಿ ಕೂತವರನ್ನು ಮುಟ್ಟದಿದ್ದರೆ ಆ ತಿಳಿವಳಿಕೆ ಪಾತ್ರೆ ತೊಳೆಯುವ ಜಾಗದಲ್ಲೇ ಉಳಿಯುತ್ತದೆ. ವೈವಿಧ್ಯ ಬೇರೆ, ಒಳಗೊಳ್ಳುವಿಕೆ ಬೇರೆ ಎಂದು ಸಂಶೋಧಕರು ಒತ್ತಿ ಹೇಳುವುದು ಈ ಕಾರಣಕ್ಕೆ.

ಇದನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಮುಖ್ಯರು. 1990ರ ದಶಕದಲ್ಲಿ ಆಸ್ಪತ್ರೆಯ ದಾದಿಯರ ತಂಡಗಳನ್ನು ಗಮನಿಸುತ್ತಿದ್ದಾಗ ಅವರಿಗೆ ವಿಚಿತ್ರ ಫಲಿತಾಂಶ ಸಿಕ್ಕಿತು: ಹೊಂದಾಣಿಕೆಯಿಂದ ಕೆಲಸ ಮಾಡುವ ತಂಡಗಳಲ್ಲೇ ಔಷಧಿ ಕೊಡುವುದರಲ್ಲಿ ತಪ್ಪುಗಳು ಹೆಚ್ಚು ದಾಖಲಾಗಿದ್ದವು! ಕೆದಕಿದಾಗ ತಿಳಿದದ್ದು, ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಯಾರೂ ಹೆದರುತ್ತಿರಲಿಲ್ಲ, ಉಳಿದೆಡೆ ಮುಚ್ಚಿಡುತ್ತಿದ್ದರು. ಗದರಿಕೆಯ ಭಯವಿರುವ ಕಡೆ ಕೆಟ್ಟ ಸುದ್ದಿ ಮೇಲಕ್ಕೆ ಹತ್ತುವುದು ತಡ, ಬಿಕ್ಕಟ್ಟಿನಲ್ಲಿ ಆ ತಡವೇ ದುಬಾರಿ.

ಬೆರಕೆ ತಂಡಗಳಲ್ಲಿ ತಕರಾರು ಹೆಚ್ಚು, ನಿರ್ಧಾರ ನಿಧಾನ ಎಂಬುದೂ ನಿಜ. ದಿನವೂ ಒಂದೇ ರೀತಿ ನಡೆಯುವ ಕೆಲಸಕ್ಕೆ ಒಂದೇ ಸೀಮೆಯವರ ತಂಡ ಚುರುಕಾಗಿರಬಹುದು; ಮನೆಯೂಟವನ್ನು ಕಚೇರಿಗಳಿಗೆ ತಲುಪಿಸುವ ಮುಂಬೈಯ ಡಬ್ಬಾವಾಲಾಗಳನ್ನು ನೋಡಿದರೆ ಸಾಕು. ವೈವಿಧ್ಯವಿದ್ದರೆ ಲಾಭ ಹೆಚ್ಚುತ್ತದೆ ಎನ್ನುವ ಮೆಕಿನ್ಸೆ ಸಲಹಾ ಸಂಸ್ಥೆಯ ವರದಿಗಳ ಮೇಲಂತೂ ನನಗೆ ಅಷ್ಟು ವಿಶ್ವಾಸವಿಲ್ಲ. ಅಮೆರಿಕದ ದೊಡ್ಡ ಕಂಪನಿಗಳ ಪಟ್ಟಿಯಾದ ಎಸ್ ಆ್ಯಂಡ್ ಪಿ 500ರಲ್ಲಿ ಅದೇ ನಂಟನ್ನು ಹುಡುಕಿದ ಇಬ್ಬರು ಸಂಶೋಧಕರಿಗೆ ಅದು ಕಾಣಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಳಗೊಳ್ಳುವುದು ನ್ಯಾಯ; ಅದನ್ನು ಲಾಭದ ಆಸೆ ತೋರಿಸಿ ಒಪ್ಪಿಸಬೇಕಾಗಿಯೂ ಇಲ್ಲ.

ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ, 2022-23ರಿಂದ ಷೇರುಪೇಟೆ ಪಟ್ಟಿಯ ಅಗ್ರ 1000 ಕಂಪನಿಗಳಿಂದ ಕಡ್ಡಾಯವಾಗಿ ಪಡೆಯುವ ಹೊಣೆಗಾರಿಕೆ ವರದಿಯಲ್ಲಿ ಮಹಿಳೆಯರು ಎಷ್ಟು, ಅಂಗವಿಕಲರು ಎಷ್ಟು ಎಂದು ಕೇಳುತ್ತದೆ. ತಲೆ ಎಣಿಸುವುದು ಸುಲಭ, ಅಗತ್ಯವೂ ಹೌದು. ಆದರೆ ಕಳೆದ ವರ್ಷ ಮೇಲಿನವರ ಯಾವ ನಿರ್ಧಾರ ಕೆಳಗಿನ ಒಬ್ಬರ ಆಕ್ಷೇಪದಿಂದ ಬದಲಾಯಿತು ಎಂಬುದನ್ನು ಕಂಪನಿಗಳು ತಾವಾಗಿಯೇ ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಸೆಬಿಯ ಅಪ್ಪಣೆ ಬೇಕಿಲ್ಲ.