ತಾರೀಕಿನ ವಯಸ್ಸು, ಮೈಯ ವಯಸ್ಸು

ನಮ್ಮ ಹಳ್ಳಿ ಶಾಲೆಗಳಲ್ಲಿ ಒಂದು ಕಾಲಕ್ಕೆ ಒಂದನೇ ತರಗತಿಗೆ ಸೇರಲು ಒಂದೇ ಪರೀಕ್ಷೆ. ಬಲಗೈಯನ್ನು ನಡುನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಹಾಜರಿ ಪುಸ್ತಕದಲ್ಲಿ ಹೆಸರು, ಮುಟ್ಟದಿದ್ದರೆ ಬರುವ ವರ್ಷ ಬಾ. ಮಗು ಯಾವಾಗ ಹುಟ್ಟಿತು ಎಂದರೆ ಮನೆಯವರಿಗೆ ನೆನಪಿರುತ್ತಿದ್ದದ್ದು ಮಳೆಯ ನಕ್ಷತ್ರ, ಊರ ಜಾತ್ರೆ, ಇಲ್ಲವೇ ಬರ ಬಿದ್ದ ವರ್ಷ. ದಾಖಲಾತಿ ಪುಸ್ತಕಕ್ಕೆ ಮಾತ್ರ ತಾರೀಕೇ ಬೇಕು. ಹಾಗಾಗಿ ಕೈ ಕಿವಿಗೆ ನಿಲುಕಿದ ಮಗುವಿಗೆ ಮೇಷ್ಟ್ರು ತಾವೇ ಒಂದು ಹುಟ್ಟಿದ ದಿನ ಬರೆಯುತ್ತಿದ್ದರು. ಬಹಳ ಸಲ ಅದು ಜೂನ್ 1. ಇಂದಿಗೂ ನಲವತ್ತು, ಐವತ್ತು ದಾಟಿದ ಎಷ್ಟೋ ಕನ್ನಡಿಗರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವುದು ಅದೇ ದಿನ.

ಆ ಮೇಷ್ಟ್ರು ಅಳೆದದ್ದು ಮೈಯನ್ನು, ಬರೆದದ್ದು ತಾರೀಕನ್ನು. ಇವೆರಡರಲ್ಲಿ ಮಗುವಿನ ವಯಸ್ಸು ಯಾವುದು ಎಂಬ ಪ್ರಶ್ನೆಯನ್ನು ದೈಹಿಕ ಶಿಕ್ಷಣದ ಸಂಶೋಧಕರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಲೇ ಇದ್ದಾರೆ. ಹದಿನಾಲ್ಕು ವರ್ಷದೊಳಗಿನವರು, ಹದಿನಾರು ವರ್ಷದೊಳಗಿನವರು ಎಂದು ಆಟದ ಮೈದಾನದಲ್ಲಿ ಗೆರೆ ಎಳೆದಾಗಲೆಲ್ಲ ಆ ಪ್ರಶ್ನೆ ಮತ್ತೆ ಏಳುತ್ತದೆ.

ನ್ಯೂಯಾರ್ಕಿನ ಸಾರ್ವಜನಿಕ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಣ ನೋಡಿಕೊಳ್ಳುತ್ತಿದ್ದ ವೈದ್ಯ ಸಿ. ವಾರ್ಡ್ ಕ್ರಾಂಪ್ಟನ್ 1908ರಲ್ಲೇ ಇದನ್ನು ಎತ್ತಿದ್ದರು. ಹೈಸ್ಕೂಲು ಹುಡುಗರನ್ನು ಅವರು ವರ್ಷದ ಲೆಕ್ಕದಲ್ಲಿ ನೋಡದೆ, ಪ್ರಾಯಕ್ಕೆ ಇನ್ನೂ ಬಾರದವರು, ಬರುತ್ತಿರುವವರು, ಬಂದಾದವರು ಎಂದು ಮೂರು ಗುಂಪು ಮಾಡಿದರು. ಒಂದೇ ವಯಸ್ಸಿನ ಹುಡುಗರಲ್ಲಿ ಎತ್ತರ, ತೂಕ, ಕೈಬಲ ಎಲ್ಲವೂ ಈ ಗುಂಪಿನಿಂದ ಗುಂಪಿಗೆ ತೀರಾ ಬೇರೆಯಾಗಿ ಕಂಡವು. ಮಕ್ಕಳನ್ನು ಓದಿಸುವಾಗ, ಆಡಿಸುವಾಗ, ದುಡಿಮೆಗೆ ಹಚ್ಚುವಾಗ ನೋಡಬೇಕಾದದ್ದು ಈ ಶಾರೀರಿಕ ವಯಸ್ಸನ್ನೇ ಎಂದು ಅವರು ವಾದಿಸಿದರು.

1930ರ ದಶಕದಲ್ಲಿ ಅಯೋವಾ ವಿಶ್ವವಿದ್ಯಾಲಯದ ಚಾರ್ಲ್ಸ್ ಮೆಕ್ಲಾಯ್ ಅದಕ್ಕೊಂದು ಸೂತ್ರ ಕಟ್ಟಿಕೊಟ್ಟರು. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್ ಓದಿದವರಿಗೆ ಅದು ಚೆನ್ನಾಗಿ ಗೊತ್ತು, ಪರೀಕ್ಷೆ ಮತ್ತು ಮಾಪನದ ಪಾಠದಲ್ಲಿ ಬರುತ್ತದೆ. ವಯಸ್ಸನ್ನು 20ರಿಂದ ಗುಣಿಸಿ, ಇಂಚಿನಲ್ಲಿ ಎತ್ತರವನ್ನು 6ರಿಂದ ಗುಣಿಸಿ, ಎರಡನ್ನೂ ಕೂಡಿ, ಅದಕ್ಕೆ ಪೌಂಡಿನಲ್ಲಿ ತೂಕ ಸೇರಿಸಿ. ಹದಿನಾಲ್ಕರ ಹುಡುಗರಿಬ್ಬರನ್ನು ತೆಗೆದುಕೊಳ್ಳಿ. ಒಬ್ಬ 62 ಇಂಚು ಎತ್ತರ, 100 ಪೌಂಡು ತೂಕ. ಇನ್ನೊಬ್ಬ 56 ಇಂಚು, 75 ಪೌಂಡು. ಮೊದಲನೆಯವನ ಅಂಕ 752, ಎರಡನೆಯವನದು 691. ಇವರಿಬ್ಬರೂ ಒಂದೇ ಗುಂಪಿನಲ್ಲಿ ಓಡುವುದು ನ್ಯಾಯವಲ್ಲ ಎಂಬುದನ್ನು ಕಾಗದದ ಮೇಲೆ ತೋರಿಸುವ ಲೆಕ್ಕ ಇದು. ಅಮೆರಿಕದ ಈ ಪರಂಪರೆ ದಕ್ಷಿಣ ಭಾರತಕ್ಕೂ ಬೇಗ ಬಂತು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಸಂಸ್ಥೆ ಆರಂಭಿಸಿದರು, ಅಲ್ಲಿ ತರಬೇತಾದವರು ಸುತ್ತಲ ಪ್ರಾಂತ್ಯಗಳ ಶಾಲೆಗಳಿಗೆ ಹೋದರು.

ಇಷ್ಟೆಲ್ಲ ಗೊತ್ತಿದ್ದೂ ಮೈದಾನ ತಾರೀಕಿಗೇ ಅಂಟಿಕೊಂಡಿತು. ಕಾರಣ ಸರಳ ಎಂದು ನನಗನ್ನಿಸುತ್ತದೆ. ಬೆಳೆಯುವ ಮಗುವಿನ ಎತ್ತರ, ತೂಕ ಪ್ರತಿ ಕ್ರೀಡಾಕೂಟಕ್ಕೂ ಬದಲಾಗುತ್ತದೆ, ಪ್ರತಿ ಸಲವೂ ಅಳೆಯಬೇಕು, ಪ್ರತಿ ಅಳತೆಗೂ ಜಗಳ. ತಾರೀಕು ಹಾಗಲ್ಲ. ಒಮ್ಮೆ ಕಾಗದಕ್ಕೆ ಬಂದರೆ ಮುಗಿಯಿತು, ಗುಮಾಸ್ತ ಕೂಡ ನೋಡಿ ಹೇಳಬಲ್ಲ. ಮಗುವಿನ ಬಗ್ಗೆ ಹೆಚ್ಚು ಹೇಳುತ್ತದೆ ಎಂದಲ್ಲ, ಕಚೇರಿಗೆ ಹಗುರ ಎಂದು ತಾರೀಕು ಗೆದ್ದಿತು.

ಮೈಯ ವಯಸ್ಸನ್ನು ನಿಖರವಾಗಿ ಅಳೆಯುವ ಕೆಲಸ ಮಾತ್ರ ಬೇರೆ ಕಡೆ ನಡೆದಿತ್ತು. ಇಂಗ್ಲೆಂಡಿನ ವೈದ್ಯ ಜೇಮ್ಸ್ ಟ್ಯಾನರ್ 1940ರ ದಶಕದ ಕೊನೆಯಿಂದ ಲಂಡನ್ನಿನ ಉತ್ತರಕ್ಕಿರುವ ಹಾರ್ಪೆಂಡನ್‌ನ ಮಕ್ಕಳ ನಿಲಯವೊಂದರಲ್ಲಿ ಅದೇ ಮಕ್ಕಳನ್ನು ವರ್ಷಗಟ್ಟಲೆ ಅಳೆಯುತ್ತಾ ಹೋದರು. ಎತ್ತರ ಅತಿ ವೇಗವಾಗಿ ಏರುವ ಘಟ್ಟ ಹುಡುಗಿಯರಲ್ಲಿ ಸರಾಸರಿ ಹನ್ನೆರಡರ ಹೊತ್ತಿಗೆ, ಹುಡುಗರಲ್ಲಿ ಹದಿನಾಲ್ಕರ ಹೊತ್ತಿಗೆ ಬರುತ್ತದೆ. ಆದರೆ ಸರಾಸರಿಯ ಆಚೆ ಈಚೆ ಹರವು ದೊಡ್ಡದು. ಹದಿಮೂರು ತುಂಬಿದ ಹುಡುಗರ ಒಂದು ಸಾಲಿನಲ್ಲಿ ಮೂಳೆ ಬಲಿತ ಲೆಕ್ಕದಲ್ಲಿ ಮೂರು ನಾಲ್ಕು ವರ್ಷಗಳ ಅಂತರ ಇರಬಹುದು. ಎಡಗೈಯ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಒಂದೊಂದು ಮೂಳೆಗೂ ಅಂಕ ಕೊಡುವ ಪದ್ಧತಿಯನ್ನು ಟ್ಯಾನರ್, ವೈಟ್‌ಹೌಸ್ ಜೋಡಿ ರೂಪಿಸಿತು. ಅದರ ಮೂರನೇ ಪರಿಷ್ಕರಣೆ 2001ರಲ್ಲಿ ಬಂತು. ಟಿಡಬ್ಲ್ಯೂ3 ಎಂಬ ಆ ಹೆಸರನ್ನು ಮಕ್ಕಳನ್ನು ಕ್ರಿಕೆಟ್‌ಗೆ ಕಳಿಸುವ ಪೋಷಕರು ಈಗ ಕೇಳಿರುತ್ತಾರೆ.

ತಾರೀಕಿನ ಗೆರೆಯೇ ಮಕ್ಕಳನ್ನು ಸೋಸುತ್ತಿದೆ ಎಂಬುದು ಎದ್ದು ಕಂಡದ್ದು ಕೆನಡಾದಲ್ಲಿ, 1980ರ ದಶಕದ ಆರಂಭದಲ್ಲಿ. ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಜ್ ಊರಿನಲ್ಲಿ ಮನೋವಿಜ್ಞಾನಿ ರೋಜರ್ ಬಾರ್ನ್ಸ್ಲಿ ಮನೆಯವರೊಂದಿಗೆ ಐಸ್ ಹಾಕಿ ಪಂದ್ಯ ನೋಡುತ್ತಿದ್ದರು. ಕೈಯಲ್ಲಿದ್ದ ಆಟಗಾರರ ಪಟ್ಟಿ ತಿರುವಿಹಾಕುತ್ತಿದ್ದ ಅವರ ಹೆಂಡತಿ ಪೌಲಾಗೆ ಒಂದು ವಿಚಿತ್ರ ಕಂಡಿತು: ಹುಟ್ಟಿದ ತಿಂಗಳುಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ಗಳೇ ತುಂಬಿದ್ದವು. ಮನೆಗೆ ಹೋಗಿ ಬೇರೆ ತಂಡಗಳ ಪಟ್ಟಿಗಳನ್ನು ಲೆಕ್ಕಹಾಕಿದರೂ ಅದೇ ಕಥೆ. ಕಿರಿಯರ ಪ್ರಮುಖ ಲೀಗ್‌ಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಕೊನೆಯ ಮೂರು ತಿಂಗಳಲ್ಲಿ ಹುಟ್ಟಿದವರ ಸುಮಾರು ನಾಲ್ಕು ಪಟ್ಟು ಇದ್ದರು. ಅಲ್ಲಿ ವಯೋಮಿತಿಯ ಗಡಿ ದಿನ ಜನವರಿ 1. ಕ್ವಿಬೆಕ್‌ನಲ್ಲಿ ಸಿಮೋನ್ ಗ್ರೋಂಡಾ ತಂಡವೂ 1984ರಲ್ಲಿ ಇದನ್ನೇ ಹೇಳಿತು. 1985ರಲ್ಲಿ ಬಾರ್ನ್ಸ್ಲಿ ದಂಪತಿ ಮತ್ತು ಸಹೋದ್ಯೋಗಿಯೊಬ್ಬರು ಕೆನಡಾದ ದೈಹಿಕ ಶಿಕ್ಷಣ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನ ಇದಕ್ಕೆ ‘ಸಾಪೇಕ್ಷ ವಯಸ್ಸಿನ ಪರಿಣಾಮ’ ಎಂದು ಹೆಸರಿಟ್ಟಿತು.

ಎಂಟು ವರ್ಷದ ಮಗುವಿಗೆ ಹನ್ನೊಂದು ತಿಂಗಳು ಎಂದರೆ ಅದು ಬದುಕಿದ ಕಾಲದಲ್ಲಿ ಸುಮಾರು ಒಂಬತ್ತರಲ್ಲಿ ಒಂದು ಪಾಲು. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಅಷ್ಟು ಕಾಲ ಹೆಚ್ಚು ಓಡಿದ್ದಾನೆ, ಬಿದ್ದಿದ್ದಾನೆ, ಚೆಂಡು ಹಿಡಿದಿದ್ದಾನೆ. ಕೋಚ್ ಕಣ್ಣಿಗೆ ಅದು ಪ್ರತಿಭೆಯಾಗಿ ಕಾಣುತ್ತದೆ, ತಂಡಕ್ಕೆ ಆರಿಸಿಕೊಳ್ಳುತ್ತಾರೆ. ಆರಿಸಿಕೊಂಡ ಮೇಲೆ ಅವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ, ಬಲವಾದ ಎದುರಾಳಿಗಳು. ಮೂರು ವರ್ಷ ಕಳೆದು ನೋಡಿದರೆ ಅವನು ನಿಜಕ್ಕೂ ಮುಂದಿದ್ದಾನೆ. ಆಯ್ಕೆ ಮಾಡಿದವರಿಗೆ ತಮ್ಮ ಕಣ್ಣು ಸರಿಯಿತ್ತು ಎನ್ನಿಸುತ್ತದೆ. ಬಿಟ್ಟುಹೋದ ಡಿಸೆಂಬರಿನವನು ಆ ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತಾನೆ, ಆದ್ದರಿಂದ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಈ ಸಂಶೋಧನೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕುವುದು ಈ ಕಾಣದ ತಪ್ಪೇ.

ಹುಟ್ಟಿದ ತಿಂಗಳಿಗೂ ಆಟಕ್ಕೂ ಬೇರೇನೋ ನಂಟಿರಬೇಕು, ಹವೆಯೋ ಋತುವೋ ಎಂದು ಶಂಕಿಸಿದವರಿಗೆ ಉತ್ತರ ಬೆಲ್ಜಿಯಂನಿಂದ ಬಂತು. ಅಲ್ಲಿನ ಫುಟ್‌ಬಾಲ್‌ನಲ್ಲಿ ಗಡಿ ದಿನ ಆಗಸ್ಟ್ 1 ಇತ್ತು, 1997ರಲ್ಲಿ ಅದು ಜನವರಿ 1ಕ್ಕೆ ಬಂತು. ಲೂವೆನ್ ವಿಶ್ವವಿದ್ಯಾಲಯದ ವರ್ನರ್ ಹೆಲ್ಸೆನ್ ಮತ್ತು ಸಂಗಡಿಗರು ಬದಲಾವಣೆಗೆ ಮೊದಲಿನ, ನಂತರದ ಹುಡುಗರ ತಂಡಗಳನ್ನು ಹೋಲಿಸಿದರು. ಆಗಸ್ಟಿನವರ ಅದೃಷ್ಟ ಇಳಿಯಿತು, ಜನವರಿಯವರದು ಏರಿತು. ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವ ಜಪಾನಿನಲ್ಲಿ ಏಪ್ರಿಲ್, ಮೇ, ಜೂನ್‌ಗಳಲ್ಲಿ ಹುಟ್ಟಿದವರ ಮೇಲುಗೈ. ಆಕಾಶಕ್ಕೂ ಇದಕ್ಕೂ ಸಂಬಂಧವಿಲ್ಲ, ಎಲ್ಲವೂ ಮನುಷ್ಯ ಎಳೆದ ಗೆರೆಯ ಕೆಲಸ.

ಮುಂದಿನ ಸಂಶೋಧನೆ ಎರಡು ತಿದ್ದುಪಡಿ ತಂದಿತು. ಒಂದು, ವರ್ಷದ ಕೊನೆಯಲ್ಲಿ ಹುಟ್ಟಿದ ಕೆಲವೇ ಮಂದಿ ಹೇಗೋ ಉಳಿದುಕೊಂಡರೆ ಅವರಲ್ಲಿ ಹೆಚ್ಚಿನವರು ಮೇಲೇರುತ್ತಾರೆ. ಬ್ರಿಟನ್ನಿನ ರಗ್ಬಿ, ಕ್ರಿಕೆಟ್ ಅಕಾಡೆಮಿಗಳನ್ನು ನೋಡಿದ ನೀಲ್ ಮೆಕಾರ್ಥಿ, ಡೇವ್ ಕಾಲಿನ್ಸ್ ಅವರಿಗೆ ಇದು ಸ್ಪಷ್ಟವಾಗಿ ಕಂಡಿತು. ದೊಡ್ಡವರ ಎದುರು ಆಡಿ ಆಡಿ ಬುದ್ಧಿ, ಕೌಶಲ, ಛಲ ಬೆಳೆಸಿಕೊಂಡದ್ದು ಕಾರಣ ಇರಬಹುದು ಎನ್ನುತ್ತಾರೆ. ಇದನ್ನು ನೆಪ ಮಾಡಿಕೊಂಡು, ಕಷ್ಟ ಒಳ್ಳೆಯದೇ ಬಿಡಿ ಎನ್ನುವವರಿದ್ದಾರೆ. ಉಳಿದ ಒಬ್ಬನನ್ನು ತೋರಿಸಿ ಹೋದ ಒಂಬತ್ತು ಮಂದಿಯನ್ನು ಮರೆಸುವ ಆ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯದು, ಹುಟ್ಟಿದ ತಿಂಗಳು ಬೇರೆ, ಮೈ ಬಲಿಯುವ ವೇಗ ಬೇರೆ. ಡಿಸೆಂಬರಿನ ಹುಡುಗ ಬೇಗ ಬಲಿಯಬಹುದು, ಜನವರಿಯವನು ತಡವಾಗಿ. ತಿಂಗಳಿನ ಪರಿಣಾಮ ಏಳೆಂಟು ವರ್ಷಕ್ಕೇ ಕಾಣಿಸಿಕೊಳ್ಳುತ್ತದೆ, ಬಲಿಯುವಿಕೆಯದು ಹನ್ನೆರಡರ ನಂತರ. ಜಿಮ್ನಾಸ್ಟಿಕ್ಸ್‌ನಂಥ ಆಟದಲ್ಲಿ ತಡವಾಗಿ ಬಲಿಯುವ ಹುಡುಗಿಯರಿಗೇ ಅನುಕೂಲ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2015ರಿಂದ, ಬಾತ್ ವಿಶ್ವವಿದ್ಯಾಲಯದ ಶಾನ್ ಕಮ್ಮಿಂಗ್ ಅವರ ಜೊತೆ, ತನ್ನ ಅಕಾಡೆಮಿ ಹುಡುಗರನ್ನು ಕೆಲವು ಪಂದ್ಯಗಳಲ್ಲಿ ವಯಸ್ಸಿನ ಬದಲು ಬೆಳವಣಿಗೆಯ ಪ್ರಕಾರ ಗುಂಪು ಮಾಡಿ ಆಡಿಸತೊಡಗಿತು. ಹುಡುಗನ ಎತ್ತರ, ತೂಕ, ತಂದೆ ತಾಯಿಯ ಎತ್ತರ ಇಟ್ಟುಕೊಂಡು ಅವನು ಕೊನೆಗೆ ಎಷ್ಟು ಬೆಳೆಯುತ್ತಾನೆ ಎಂದು ಲೆಕ್ಕ ಕಟ್ಟಿ, ಅದರಲ್ಲಿ ಶೇ 85ರಿಂದ 90 ಮುಟ್ಟಿದವರೆಲ್ಲ ಒಂದು ಗುಂಪು. ಹೊಸದೆಂದು ಮೆಚ್ಚುಗೆ ಪಡೆದ ಈ ಪದ್ಧತಿಯ ಬೇರು 1908ರ ಕ್ರಾಂಪ್ಟನ್ ಬರಹದಲ್ಲಿದೆ. ಆಮ್‌ಸ್ಟರ್‌ಡ್ಯಾಮ್‌ನ ಡೇವಿಡ್ ಮನ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸರಳ. ಹುಡುಗರ ಅಂಗಿಯ ಸಂಖ್ಯೆಯನ್ನು ವಯಸ್ಸಿನ ಕ್ರಮದಲ್ಲೇ ಕೊಟ್ಟು, ಆಯ್ಕೆಗಾರರಿಗೆ ಅದನ್ನು ತಿಳಿಸಿದರು. ದೊಡ್ಡವರ ಕಡೆಗಿನ ವಾಲಿಕೆ ಮಾಯವಾಯಿತು. ಹುಟ್ಟಿದ ತಾರೀಕನ್ನು ಬರೀ ಕಾಗದದಲ್ಲಿ ಬರೆದು ಕೊಟ್ಟಾಗ ಆ ಫಲ ಸಿಕ್ಕಿರಲಿಲ್ಲ. ಆಡುವ ಮೈಯ ಮೇಲೆಯೇ ವಯಸ್ಸು ಕಾಣಬೇಕಿತ್ತು.

ನಮ್ಮಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ತಾರೀಕೇ ನಂಬುವಂತಿರಲಿಲ್ಲ. ಜನನ ನೋಂದಣಿ ಕಾಯ್ದೆ 1969ರಲ್ಲಿ ಬಂದರೂ ಹಳ್ಳಿಗಳಲ್ಲಿ ಮೇಷ್ಟ್ರು ಬರೆದದ್ದೇ ಬಹುಕಾಲ ನಡೆಯಿತು. ಭಾರತದ ಹಿಂದಿನ ತಲೆಮಾರಿನ ಆಟಗಾರರ ಹುಟ್ಟಿದ ತಿಂಗಳುಗಳನ್ನು ಎಣಿಸಹೊರಟ ಸಂಶೋಧಕರು ಮೊದಲು ಜೂನ್ 1ರ ರಾಶಿಯನ್ನು ಪಕ್ಕಕ್ಕಿಡಬೇಕು, ಇಲ್ಲದಿದ್ದರೆ ಇಲ್ಲದ ಪರಿಣಾಮ ಕಂಡೀತು. ಮೇಷ್ಟ್ರು ಮುಗ್ಧವಾಗಿ ಮಾಡಿದ್ದನ್ನು ಆಮೇಲೆ ಕೆಲವು ಪೋಷಕರು, ಕೋಚ್‌ಗಳು ಬೇಕೆಂದೇ ಮಾಡಿದರು. ಎರಡು ಮೂರು ವರ್ಷ ಕದ್ದ ಹುಡುಗನ ಎದುರು ಪ್ರಾಮಾಣಿಕ ಹುಡುಗ ಸೋತು ಮನೆಗೆ ಹೋಗುತ್ತಾನೆ. 2015ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟ ರಾಹುಲ್ ದ್ರಾವಿಡ್ ಇದನ್ನು ವಿಷವೆಂದೇ ಕರೆದರು. ಹೆತ್ತವರೂ ಕೋಚ್‌ಗಳೂ ಸುಳ್ಳು ಪ್ರಮಾಣಪತ್ರ ಮಾಡಿಸುವುದನ್ನು ಕಂಡ ಮಗು ಏನು ಕಲಿಯುತ್ತದೆ ಎಂದು ಕೇಳಿದರು.

ಭಾರತದ ಕ್ರಿಕೆಟ್ ಮಂಡಳಿ (ಬಿಸಿಸಿಐ) 2012ರಿಂದ ಕಿರಿಯರ ಕ್ರಿಕೆಟ್‌ಗೆ ಟಿಡಬ್ಲ್ಯೂ3 ಮೂಳೆ ಪರೀಕ್ಷೆ ತಂದಿತು. ವಂಚನೆಗೆ ತಡೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ಯಾನರ್ ಈ ಅಳತೆಗೋಲು ಕಡೆದದ್ದು ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳ ಮೈ ಒಂದೇ ವಯಸ್ಸಿನದಲ್ಲ ಎಂದು ತೋರಿಸಲು. ಅದೇ ಗೋಲಿನಿಂದ ನಾವು ಹುಟ್ಟಿದ ದಿನವನ್ನು ಪರೀಕ್ಷಿಸುತ್ತಿದ್ದೇವೆ. ನಿಜವಾಗಿಯೂ ಹದಿನೈದರವನಾಗಿದ್ದು ಬೇಗ ಬಲಿತ ಹುಡುಗ ಹೊರಗುಳಿಯಬಹುದು. ಹದಿನೇಳಾಗಿಯೂ ಮೈ ಬಲಿಯದವನು ಒಳಗೆ ಬರಬಹುದು. ಫುಟ್‌ಬಾಲ್‌ನ ಫಿಫಾ 2009ರ ನೈಜೀರಿಯಾ ಕಿರಿಯರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಬಳಸುತ್ತದೆ. ಅಲ್ಲಿ ನೋಡುವುದು ಒಂದೇ: ಮೂಳೆಯ ತುದಿ ಪೂರ್ತಿ ಕೂಡಿಕೊಂಡಿದೆಯೇ? ಹದಿನೇಳರೊಳಗಿನ ಹುಡುಗರಲ್ಲಿ ಹಾಗಾಗುವುದು ತೀರಾ ಅಪರೂಪ. ಕಡಿಮೆ ಕೇಳುವ ಪರೀಕ್ಷೆಯಾದ್ದರಿಂದ ತಪ್ಪೂ ಕಡಿಮೆ. ಕ್ರಿಕೆಟ್ ಮಂಡಳಿ 2020ರಲ್ಲಿ, ತಾನೇ ಮುಂದೆ ಬಂದು ನಿಜವಾದ ತಾರೀಕು ಹೇಳಿದವರಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ ಎಂದಿತು. ಎಕ್ಸ್‌ರೇಗಿಂತ ಇದು ಮನುಷ್ಯರನ್ನು ಹೆಚ್ಚು ಬಲ್ಲ ನಿಯಮ ಅನ್ನಿಸಿತು ನನಗೆ.

ಮೈಯ ವಯಸ್ಸನ್ನು ನಾವು ಪೂರ್ತಿ ಮರೆತಿಲ್ಲ ಎನ್ನಲು ಒಂದು ಆಟ ಉಳಿದಿದೆ. ಶಾಲಾ ಕಬಡ್ಡಿಯಲ್ಲಿ ವಯಸ್ಸಿನ ಜೊತೆ ತೂಕದ ಮಿತಿಯೂ ಇದೆ. ಪಂದ್ಯದ ಬೆಳಿಗ್ಗೆ ಮಕ್ಕಳು ತಕ್ಕಡಿ ಹತ್ತುತ್ತಾರೆ. ತೂಕ ಇಳಿಸಲು ಹಿಂದಿನ ರಾತ್ರಿ ಊಟ ಬಿಡುವ ಮಕ್ಕಳೂ ಇದ್ದಾರೆ, ಅದನ್ನು ಪಿ.ಟಿ. ಮೇಷ್ಟ್ರುಗಳು ತಡೆಯಬೇಕು. ಆದರೂ ದಪ್ಪ ತೊಡೆಯ ಹುಡುಗನೂ ಕಡ್ಡಿ ಕಾಲಿನವನೂ ಒಂದೇ ಅಂಕಣದಲ್ಲಿ ನಿಲ್ಲದಂತೆ ನೋಡಿಕೊಳ್ಳುವ ಈ ಏರ್ಪಾಟಿನಲ್ಲಿ ಮೆಕ್ಲಾಯ್ ಅವರ ಲೆಕ್ಕದ ಒಂದು ಎಳೆ ಇದೆ.

ಈಗ ಹೊಸ ಗೆರೆಗಳು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ನೇ ಸಾಲಿಗೆ ಮಾತ್ರ ಸಡಿಲಿಸಿ ಐದು ವರ್ಷ ಐದು ತಿಂಗಳಿಗೆ ಇಳಿಸಲಾಯಿತು. ಶಾಲಾ ಕ್ರೀಡಾಕೂಟದ ವಯಸ್ಸನ್ನು ಎಣಿಸುವುದು ಡಿಸೆಂಬರ್ 31ಕ್ಕೆ. 2019ರ ಡಿಸೆಂಬರ್ ಕೊನೆಯ ವಾರ ಹುಟ್ಟಿ ಆ ಸಡಿಲಿಕೆಯಲ್ಲಿ ಶಾಲೆ ಸೇರಿದ ಮಗು ತನ್ನ ತರಗತಿಯಲ್ಲೂ ಕಿರಿಯದು, ಆಟದ ಲೆಕ್ಕದ ತನ್ನ ವರ್ಷದಲ್ಲೂ ಕಿರಿಯದು. ಅದೇ ವರ್ಷದ ಜನವರಿಯಲ್ಲಿ ಹುಟ್ಟಿದವರೊಂದಿಗೆ ಅದು 2032ರಲ್ಲಿ, ಎಂಟನೇ ತರಗತಿಯಲ್ಲಿ, ಹದಿನಾಲ್ಕರೊಳಗಿನವರ ಸಾಲಿನಲ್ಲಿ ನಿಲ್ಲುತ್ತದೆ. ಸೀಟಿ ಹಿಡಿದ ಮೇಷ್ಟ್ರ ಕೈಯಲ್ಲಿರುವ ಪಟ್ಟಿಯಲ್ಲಿ ಆ ತಾರೀಕು ಇರುತ್ತದೆ.