ಹಳೇ ಬೋಲ್ಟ್ ಮತ್ತ ಹಾಕಬಹುದೇನ್ರಿ?

ಹುಬ್ಬಳ್ಳಿಯೊಳಗ ಯಾವ ಗ್ಯಾರೇಜಿಗೆ ಹೋದ್ರೂ ಬಿಚ್ಚಿದ ಬೈಕಿನ ಪಕ್ಕ ಒಂದು ಡಬ್ಬಿ ಇರತೈತಿ, ಬೋಲ್ಟ್, ನಟ್, ವಾಷರ್ ಎಲ್ಲಾ ಅದರಾಗ ಪೆಟ್ರೋಲಿನ್ಯಾಗ ನೆನೀತಿರತಾವ, ಕೆಲಸ ಮುಗಿದ ಮ್ಯಾಲ ಒರೆಸಿ ಮತ್ತ ಅವನ್ನ ಹಾಕ್ತಾರ. ಎಲ್ಲಾ ಹೊಸಾವ ಹಾಕಬೇಕು ಅನ್ನೋರು ಅದಾರ, ಕಬ್ಬಿಣಕ್ಕೇನ್ ಆಗತೈತಿ ಬಿಡ್ರಿ ಅನ್ನೋರೂ ಅದಾರ. ನಾ ಹೇಳೋದು ಇಷ್ಟ, ಬೋಲ್ಟ್ ಎಷ್ಟು ವರ್ಷದ್ದು ಅಂತ ಕೇಳಬ್ಯಾಡ್ರಿ, ಅದು ಎಷ್ಟು ಎಳಕೊಂಡೈತಿ, ಎಲ್ಲಿ ಕುಂತಿತ್ತು ಅಂತ ಕೇಳ್ರಿ.

ಯಾಕಂದ್ರ ಟೈಟ್ ಮಾಡಿದಾಗ ಬೋಲ್ಟ್ ಖರೇನ ಉದ್ದ ಆಗತೈತಿ. ಬಾಲ್‌ಪೆನ್ ಸ್ಪ್ರಿಂಗ್ ಸ್ವಲ್ಪ ಎಳದು ಬಿಟ್ರ ಮೊದಲಿನಂಗ ಆಗತೈತಿ, ಭಾಳ ಎಳದ್ರ ಹಂಗ ಉದ್ದಕ ಉಳೀತೈತಿ, ಬೋಲ್ಟಿಂದೂ ಅದ ಕಥಿ. ತಲಿ ಮ್ಯಾಲ 8.8 ಅಂತ ಇರೋ ಎಂ8, ಅಂದ್ರ 8 ಮಿಲಿಮೀಟರ್ ದಪ್ಪದ ಬೋಲ್ಟ್ ತಗೋರಿ, ಹನ್ನೆರಡು ಇಲ್ಲಾ ಹದಿಮೂರರ ಪಾನಾ ಹತ್ತತೈತಲ್ಲ ಅದು, ಸರಿಯಾಗಿ ಟೈಟ್ ಆದ್ರ ಸುಮಾರು ಒಂದೂವರೆ ಟನ್ ತೂಕದಷ್ಟು ಬಲದಿಂದ ಅದುಮಿ ಹಿಡೀತೈತಿ, ಅಷ್ಟಕ್ಕ 40 ಮಿಲಿಮೀಟರ್ ಬೋಲ್ಟ್ ಉದ್ದ ಆಗೋದು ಒಂದು ಮಿಲಿಮೀಟರಿನ ಹತ್ತನೇ ಭಾಗಕ್ಕಿಂತ ಕಡಿಮಿ. 8.8 ಒಳಗ ಮೊದಲನೇ 8 ಅಂದ್ರ ಬೋಲ್ಟ್ ಹರದು ಹೋಗೋ ಎಳೆತ 800 ಮೆಗಾಪ್ಯಾಸ್ಕಲ್ (ಇಷ್ಟು ಜಾಗಕ್ಕ ಇಷ್ಟು ಬಲ ಅನ್ನೋ ಅಳತಿ), ಎರಡನೇದು ಅಂದ್ರ ಅದರ ಶೇಕಡಾ 80, ಅಂದ್ರ 640ರ ತನಕ ಎಳದ್ರ ವಾಪಸ್ ಬರತೈತಿ, ಅದರಾಚೆ ಹೋದ್ರ ಬರಂಗಿಲ್ಲ. ಆ ಗೆರಿ ದಾಟದ ಬೋಲ್ಟ್ ಹತ್ತು ಸಲ ಬಿಚ್ಚಿ ಹಾಕಿದ್ರೂ ಸ್ಟೀಲಿಗೆ ಏನೂ ಆಗಿರಂಗಿಲ್ಲ, ಚೂಡಿ, ಅಂದ್ರ ಥ್ರೆಡ್, ನೆಟ್ಟಗಿರಬೇಕು ಅಷ್ಟ.

ಕೆಲವನ್ನ ಕಂಪನಿಯವರ ಬೇಕಂತ ಆ ಗೆರಿ ದಾಟಿಸಿರತಾರ. ಮ್ಯಾನುಯಲ್‌ನ್ಯಾಗ ಇಷ್ಟು ಟಾರ್ಕ್ (ತಿರುಗಿಸೋ ಬಲ) ಹಾಕಿ ಮತ್ತ ಇಷ್ಟು ಡಿಗ್ರಿ ತಿರುಗಿಸ್ರಿ ಅಂತ ಬರದಿದ್ರ, ಕೆಲವು ಎಂಜಿನ್ನಿನ ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ರಾಡ್) ಬೋಲ್ಟಿಗೆ ಹಂಗಿರತೈತಿ, ಅವು ಸಾಮಾನ್ಯವಾಗಿ ಒಂದ ಸಲದ್ದು. ಅಲ್ಲಿ ಉಳಿತಾಯ ಮಾಡಾಕ ಹೋಗಬ್ಯಾಡ್ರಿ, ರಾಡ್ ಬೋಲ್ಟ್ ಹರದ್ರ ಆ ರಾಡ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಗೂಡು ಒಡಕೊಂಡ ಹೊರಗ ಬರತೈತಿ.

ಇನ್ನ ಭಾಳ ಮಂದಿ ಗಮನಿಸದ ಒಂದು ವಿಚಾರ ಹೇಳತೀನಿ. ಹತ್ತು ವರ್ಷ ಗಟ್ಟಿಯಾಗಿ ಕುಂತಿದ್ದ ಬೋಲ್ಟಿಗಿಂತ, ಎರಡು ತಿಂಗಳು ಸಡ್ಲಾಗಿ ಓಡಿದ ಬೋಲ್ಟ್ ಭಾಳ ಅಪಾಯ. ಗದಗದ ಕಪ್ಪತಗುಡ್ಡದ ಕಡೆ ವಿಂಡ್‌ಮಿಲ್ ನೋಡಿರ್ತೀರಿ, ಗಾಳಿ ಒಂದ ಸವನ ಬಡದ್ರೂ ಕಂಬದ ಜೋಡಣಿ ಬೋಲ್ಟ್ ತಡಕೊಂತಾವ, ಯಾಕಂದ್ರ ಮೊದಲ ಅವನ್ನ ಭಾರಿ ಬಲದಿಂದ ಎಳದು ಕೂಡ್ರಿಸಿರತಾರ, ಹಂಗಾಗಿ ಗಾಳಿಯ ಏರಿಳಿತದಾಗ ಬೋಲ್ಟಿಗೆ ಮುಟ್ಟೋದು ಸ್ವಲ್ಪ ಪಾಲು, ಉಳಿದದ್ದು ಅದುಮಿದ ಫ್ಲೇಂಜ್ (ಕಂಬದ ಜೋಡಣಿಯ ಅಂಚು) ನುಂಗತೈತಿ. ಎಂಜಿನ್ ಮೌಂಟಿಂಗ್ ಬೋಲ್ಟ್ ಸಡ್ಲಾದ್ರ ಆ ರಕ್ಷಣಾ ಹೋತು, ಪ್ರತಿ ನಡುಕ ಸೀದಾ ಬೋಲ್ಟಿಗೆ. ಚೂಡಿಯ ಬುಡದಾಗ ಕಣ್ಣಿಗೆ ಕಾಣದ ಬಿರುಕು ಶುರು ಆಗತೈತಿ, ಅದೂ ನಟ್ಟಿನ ಮೊದಲನೇ ಚೂಡಿ ಹತ್ರ, ಒಟ್ಟು ಭಾರದಾಗ ಹೆಚ್ಚು ಕಡಿಮಿ ಮೂರನೇ ಒಂದು ಪಾಲು ಆ ಒಂದ ಚೂಡಿ ಹೊರತೈತಿ. ಹಂಗ ಮುರದ ಬೋಲ್ಟ್ ಸಿಕ್ರ ಬಿಸಾಕಬ್ಯಾಡ್ರಿ, ಮುರದ ಮುಖ ಬಿಸಲಿಗೆ ಹಿಡದು ನೋಡ್ರಿ: ಒಂದು ಕಡೆ ನುಣುಪು, ಅದರ ಮ್ಯಾಲ ಕಮಾನಿನಂಥ ಸಣ್ಣ ಗೆರಿ, ಇನ್ನೊಂದು ಕಡೆ ಹರಳು ಹರಳು ಒರಟು. ನುಣುಪು ಇದ್ದದ್ದು ದಿನಾ ಸ್ವಲ್ಪ ಸ್ವಲ್ಪ ಸೀಳಿದ್ದು, ಒರಟು ಇದ್ದದ್ದು ಕಡೀಕ ಒಮ್ಮೆಲೆ ಮುರದದ್ದು.

ಪರೀಕ್ಷೆ ಮಾಡೋದು ಕಷ್ಟ ಇಲ್ಲ. ಹಳೇದು ಹೊಸಾದು ಎರಡರ ಚೂಡಿ ಒಂದಕ್ಕೊಂದು ಹೊಂದಿಸಿ ಬೆಳಕಿಗೆ ಹಿಡೀರಿ, ನಡುವ ಸಂದಿ ಕಂಡ್ರ ಎಳದೈತಿ ಅಂತ. ಹೊಸ ನಟ್ ಬೆರಳಿನಿಂದ ತುದಿತನಕ ಹೋಗಬೇಕು, ನಡುವ ಹಿಡದ್ರ ಬಿಸಾಕ್ರಿ. ತುಕ್ಕು ತಗ್ಗು ಬಿದ್ದಿದ್ರೂ ಬಿಸಾಕ್ರಿ, ಯಾಕಂದ್ರ ಪಾನಾಕ್ಕ ಹಾಕೋ ಶಕ್ತಿಯೊಳಗ ಸುಮಾರು ಶೇಕಡಾ 90 ತಿಕ್ಕಾಟಕ್ಕ ಹೋಗತೈತಿ, ತುಕ್ಕು ಇದ್ರ ಇನ್ನೂ ಜಾಸ್ತಿ, ಟಾರ್ಕ್ ರೆಂಚ್ ಅಳತಿ ಮುಟ್ಟಿ ಕಟ್ ಅಂದ್ರೂ ಒಳಗ ಹಿಡಿತ ಬಂದಿರಂಗಿಲ್ಲ. ತುಕ್ಕು ತೆಗಿಯಾಕ ಆ್ಯಸಿಡ್‌ನ್ಯಾಗಂತೂ ಮುಳುಗಿಸಬ್ಯಾಡ್ರಿ, ಅದರಾಗೂ 8.8ಕ್ಕಿಂತ ಭಾಳ ಗಟ್ಟಿ ಇರೋ 12.9 ಬೋಲ್ಟ್, ಹೈಡ್ರೋಜನ್ ಸ್ಟೀಲಿನೊಳಗ ಹೊಕ್ಕು ಪೆಡಸು ಮಾಡತೈತಿ, ಟೈಟ್ ಮಾಡಿ ಒಂದೆರಡು ದಿನ ಆದ ಮ್ಯಾಲ ತಾನ ಮುರಿಬಹುದು.

ನೈಲಾನ್ ಇರೋ ನಟ್, ಆಯಿಲ್ ಡ್ರೇನ್ ಬೋಲ್ಟಿನ ಅಲ್ಯುಮಿನಿಯಂ ವಾಷರ್, ಇವು ಹೊಸಾವ ಇರಲಿ, ರೊಕ್ಕ ಭಾಳೇನ ಆಗಂಗಿಲ್ಲ. ಡಿಸ್ಕ್ ಬ್ರೇಕ್ ಬೋಲ್ಟಿಗೆ ಥ್ರೆಡ್‌ಲಾಕ್ (ಸಡ್ಲಾಗದಂಗ ಹಿಡಿಯೋ ಅಂಟು) ಹಚ್ಚಿರತಾರ, ಭಾಳಷ್ಟು ಮ್ಯಾನುಯಲ್ ಹೊಸಾದ ಹಾಕ್ರಿ ಅಂತಾವ, ಅದನ್ನ ಕೇಳ್ರಿ.

ಹಂಗಂತ ಹೊಸಾದು ಅಂದಕೂಡಲೆ ಒಳ್ಳೇದಲ್ಲ. ಕಿಲೋ ಲೆಕ್ಕದಾಗ ಸಿಗೋ, ತಲಿ ಮ್ಯಾಲ ನಂಬರ್ ಇಲ್ಲದ ಬೋಲ್ಟಿಗಿಂತ ಚೂಡಿ ನೆಟ್ಟಗಿರೋ ಕಂಪನಿ ಹಳೇದನ್ನ ನಾ ಹಾಕ್ತೀನಿ, ಕಂಪನಿ ಸಣ್ಣ ಬೋಲ್ಟಿಗೂ ಕೆಲವೊಮ್ಮೆ ನಂಬರ್ ಇರಂಗಿಲ್ಲ, ಅದು ಬ್ಯಾರೆ ಮಾತು. ಹೊಳೀತೈತಿ ಅಂತ ಬ್ರೇಕ್ ಕ್ಯಾಲಿಪರಿಗೆ (ಡಿಸ್ಕ್ ಅದುಮಿ ಹಿಡಿಯೋ ಭಾಗ) ಸ್ಟೇನ್‌ಲೆಸ್ ಹಾಕಿಸೋ ಹುಡುಗರಿಗೆ ಒಂದ ಮಾತು, ಸಾಮಾನ್ಯ ಎ2-70 ಸ್ಟೇನ್‌ಲೆಸ್ 450 ಮೆಗಾಪ್ಯಾಸ್ಕಲ್ಲಿಗೇ ಎಳಕೊಳ್ಳಾಕ ಶುರು ಮಾಡತೈತಿ, 8.8 ಸ್ಟೀಲು 640ರ ತನಕ ತಡೀತೈತಿ. ಅದನ್ನ ನಂಬರ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಹಾಕಿಸ್ರಿ, ಚಂದಾನೂ ಕಾಣತೈತಿ.